ಸುದ್ದಿಯಲ್ಲಿ ಬರುವ ‘9 ಎಂಎಂ’: ಜರ್ಮನ್ ಪಿಸ್ತೂಲಿನ ಗುಂಡು ನಮ್ಮ ನಿಷೇಧ ಪಟ್ಟಿ ಸೇರಿದ್ದು ಹೇಗೆ?

ಅಪರಾಧ ಸುದ್ದಿಗಳಲ್ಲಿ ಆಗಾಗ ಕಾಣುವ ಒಂದು ಸಾಲಿದೆ. ಆರೋಪಿಗಳಿಂದ ಒಂದು 9 ಎಂಎಂ ಪಿಸ್ತೂಲು, ಇಷ್ಟು ಜೀವಂತ ಗುಂಡು ವಶ. ಇನ್ನೊಂದು ದಿನ ಅದೇ ಜಾಗದಲ್ಲಿ 7.65 ಎಂಎಂ ಇರುತ್ತದೆ. ಮತ್ತೊಂದು ಸಲ .32 ಬೋರ್. ಎಂ.ಎಂ. ಕಲಬುರ್ಗಿ (2015) ಮತ್ತು ಗೌರಿ ಲಂಕೇಶ್ (2017) ಹತ್ಯೆಯ ತನಿಖೆ ನಡೆದಾಗ ‘7.65 ಎಂಎಂ ನಾಡ ಪಿಸ್ತೂಲು’ ಅನ್ನುವ ಮಾತು ಕನ್ನಡದ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ಈ ಅಂಕಿಗಳ ಅರ್ಥ ಏನು ಅಂತ ಬಿಡಿಸಿ ಹೇಳಿದವರು ಕಡಿಮೆ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಭಾರತದಲ್ಲಿ ಲೈಸೆನ್ಸ್ ಇರುವವರು .32 ಪಿಸ್ತೂಲು ಕೊಳ್ಳಬಹುದು. 9 ಎಂಎಂ ಮಾತ್ರ ‘ನಿಷೇಧಿತ ಬೋರ್’. (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ.) ಎರಡೂ ಪಿಸ್ತೂಲೇ, ಎರಡರಿಂದಲೂ ಮನುಷ್ಯ ಸಾಯುತ್ತಾನೆ. ಹಾಗಾದರೆ ಒಂದಕ್ಕೆ ಒಪ್ಪಿಗೆ, ಇನ್ನೊಂದಕ್ಕೆ ನಿಷೇಧ ಯಾಕೆ? 9 ಎಂಎಂ ಜಾಸ್ತಿ ಅಪಾಯಕಾರಿ ಅನ್ನುವುದು ಥಟ್ಟನೆ ಹೊಳೆಯುವ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇದೆ, ಆದರೆ ಕಾರಣ ಅದಲ್ಲ. ಕಾರಣ ಹುಡುಕಿಕೊಂಡು ಹೋದರೆ ಜರ್ಮನಿಯ ಲೂಗರ್ ಅನ್ನುವ ಪಿಸ್ತೂಲಿನ ಹತ್ತಿರ ಹೋಗಿ ನಿಲ್ಲುತ್ತೇವೆ.

ಮೊದಲು ಅಂಕಿಗಳ ಲೆಕ್ಕ

9 ಎಂಎಂ ಅಂದರೆ ಗುಂಡಿನ ದಪ್ಪ, ಅಂದರೆ ವ್ಯಾಸ. ಆದರೆ ಗುಂಡಿನ ವ್ಯಾಸ ಒಂದನ್ನೇ ಹೇಳಿದರೆ ಅರ್ಧ ಮಾತು ಹೇಳಿದಂತೆ. ಗುಂಡನ್ನು ಹಿಡಿದಿಟ್ಟುಕೊಂಡ ಹಿತ್ತಾಳೆ ಕೊಳವೆ ಎಷ್ಟು ಉದ್ದ, ಅದರೊಳಗೆ ಎಷ್ಟು ಮದ್ದು ಹಿಡಿಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಅದಕ್ಕೇ ಬಲ್ಲವರು ‘9x19’ ಅಂತ ಬರೆಯುತ್ತಾರೆ. ಗುಂಡು 9 ಮಿಲಿಮೀಟರ್ ದಪ್ಪ, ಕೊಳವೆ 19 ಮಿಲಿಮೀಟರ್ ಉದ್ದ. ಸೋವಿಯತ್ ಕಾಲದ ಮಕರೋವ್ ಪಿಸ್ತೂಲಿನದು 9x18. ಜೇಬಿನಲ್ಲಿ ಇಡುವ ಕೆಲವು ಸಣ್ಣ ಪಿಸ್ತೂಲುಗಳದು 9x17. ಹೆಸರಲ್ಲಿ ಎಲ್ಲವೂ ‘9 ಎಂಎಂ’ ಆದರೂ ಒಂದರ ಕಾಡತೂಸನ್ನು (ಗುಂಡು, ಮದ್ದು, ಕೊಳವೆ ಎಲ್ಲ ಸೇರಿದ್ದು) ಇನ್ನೊಂದಕ್ಕೆ ಹಾಕಿ ಹೊಡೆಯುವ ಹಾಗಿಲ್ಲ.

.32 ಅನ್ನುವುದು ಇಂಚಿನ ಲೆಕ್ಕ. .32 ಪಿಸ್ತೂಲಿನ ಗುಂಡಿಗೆ ಯುರೋಪಿನಲ್ಲಿ ಇಟ್ಟ ಹೆಸರು 7.65 ಎಂಎಂ ಬ್ರೌನಿಂಗ್. ಅಂದರೆ ಪತ್ರಿಕೆಯಲ್ಲಿ ಒಂದು ದಿನ .32 ಪಿಸ್ತೂಲು, ಮರುದಿನ 7.65 ಅಂತ ಬಂದರೆ ಸಾಮಾನ್ಯವಾಗಿ ಅವೆರಡೂ ಒಂದೇ. (.32 ರಿವಾಲ್ವರ್ ಬೇರೆ, ಅದರ ಕಾಡತೂಸು ಉದ್ದ.) ಇಂಚನ್ನು ಮಿಲಿಮೀಟರಿಗೆ ಬದಲಿಸಿ ತಾಳೆ ನೋಡಲು ಹೋದರೆ ಸರಿಹೊಂದುವುದಿಲ್ಲ. ಇವು ಅಳತೆಗಿಂತ ಹೆಚ್ಚಾಗಿ ಹೆಸರುಗಳು.

ಮಲೆನಾಡು, ಕೊಡಗಿನ ಮನೆಗಳಲ್ಲಿರುವ 12 ಬೋರ್ ಕೋವಿಯ ಲೆಕ್ಕ ಇನ್ನೂ ವಿಚಿತ್ರ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗೋಲಿ ಮಾಡಿದರೆ, ಆ ಗೋಲಿ ಹಿಡಿಯುವಷ್ಟು ಅಗಲದ ನಳಿಗೆ 12 ಬೋರ್. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು! ಮೂರು ಬೇರೆ ಬೇರೆ ಪದ್ಧತಿಗಳನ್ನು ಒಂದೇ ಸುದ್ದಿಯಲ್ಲಿ ಬೆರೆಸಿ ಕೊಟ್ಟರೆ ಓದುವವರಿಗೆ ತಲೆ ಕೆಡದೆ ಇರುತ್ತಾ?

ಬೋರ್ಖಾರ್ಟ್ ಮಾಡಿದ್ದು, ಲೂಗರ್ ತಿದ್ದಿದ್ದು

1890ರ ದಶಕದವರೆಗೆ ಸೈನ್ಯಗಳ ಅಧಿಕಾರಿಗಳು ಸೊಂಟದಲ್ಲಿ ಕಟ್ಟಿಕೊಳ್ಳುತ್ತಿದ್ದುದು ರಿವಾಲ್ವರ್. ಆರು ಗುಂಡು ಮುಗಿದ ಮೇಲೆ ಒಂದೊಂದಾಗಿ ತುಂಬಬೇಕಿತ್ತು. ಒಂದು ಗುಂಡು ಹಾರಿದ ರಭಸದಿಂದಲೇ ಖಾಲಿ ಕೊಳವೆ ಹೊರಗೆ ಬಿದ್ದು, ಮುಂದಿನ ಗುಂಡು ತಾನಾಗಿ ಬಂದು ಕೂರುವ ಹಾಗೆ ಮಾಡಬಹುದಲ್ವಾ ಅನ್ನುವ ಯೋಚನೆ ಆಗಲೇ ಹುಟ್ಟಿತ್ತು. ಮ್ಯಾಕ್ಸಿಮ್ ಮೆಷಿನ್‌ಗನ್ ಈ ತತ್ವದ ಮೇಲೇ ನಡೆಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಇಳಿಸುವುದು ಸವಾಲಾಗಿತ್ತು.

ಅಮೆರಿಕದ ಬಂದೂಕು ಕಾರ್ಖಾನೆಗಳಲ್ಲಿ ಕೆಲಸ ಮಾಡಿ ಬಂದಿದ್ದ ಜರ್ಮನ್ ಇಂಜಿನಿಯರ್ ಹ್ಯೂಗೋ ಬೋರ್ಖಾರ್ಟ್ 1893ರಲ್ಲಿ ಅದನ್ನು ಮಾಡಿ ತೋರಿಸಿದರು. ತಯಾರಿಸಿದ್ದು ಬರ್ಲಿನ್‌ನ ಲುಡ್ವಿಗ್ ಲೋವೆ ಕಂಪನಿ. ಕಾಡತೂಸು ತುಂಬಿದ ಮ್ಯಾಗಜೀನನ್ನು ಹಿಡಿಯೊಳಗೇ ತೂರಿಸುವ ಉಪಾಯ ಅದರಲ್ಲಿತ್ತು. ಇವತ್ತಿನ ಹೆಚ್ಚುಕಡಿಮೆ ಎಲ್ಲ ಪಿಸ್ತೂಲುಗಳೂ ಹಾಗೇ ಇವೆ. ಆದರೆ ಬೋರ್ಖಾರ್ಟ್ ಪಿಸ್ತೂಲು ನೋಡಲೂ ಹಿಡಿಯಲೂ ಒರಟು. ಸ್ಪ್ರಿಂಗ್ ಇಡುವ ಡಬ್ಬಿ ಹಿಂದಕ್ಕೆ ಉಬ್ಬಿಕೊಂಡಿತ್ತು. ಸುಮಾರು 3,000 ಮಾತ್ರ ತಯಾರಾದವು.

ಇದನ್ನು ತಿದ್ದುವ ಕೆಲಸ ಬಿದ್ದದ್ದು ಆಸ್ಟ್ರಿಯಾದ ಟಿರೋಲ್‌ನವರಾದ ಜಾರ್ಜ್ ಲೂಗರ್ ಕೈಗೆ. ಅಷ್ಟರಲ್ಲಿ ಲೋವೆ ಕಂಪನಿ ಬೇರೊಂದು ಕಂಪನಿಯ ಜತೆ ಸೇರಿ ಡಿಡಬ್ಲ್ಯುಎಂ ಆಗಿತ್ತು. ಲೂಗರ್ ಹಿಂದಿನ ಉಬ್ಬು ತೆಗೆದು ಸ್ಪ್ರಿಂಗನ್ನು ಹಿಡಿಯೊಳಗೆ ಸೇರಿಸಿದರು. ಹಿಡಿಯನ್ನು ಓರೆ ಮಾಡಿದರು. ಕೈ ಚಾಚಿದರೆ ನಳಿಗೆ ತಾನಾಗಿ ಗುರಿಯ ಕಡೆ ತಿರುಗುವ ಅನುಭವ ಬರುವುದು ಈ ಓರೆಯಿಂದ.

ಲೂಗರ್‌ನ ಮೇಲ್ಭಾಗವನ್ನು ಹತ್ತಿರದಿಂದ ನೋಡಿದರೆ ಅದರ ವಿಶೇಷ ಕಾಣುತ್ತದೆ. ಬೇರೆ ಪಿಸ್ತೂಲುಗಳಲ್ಲಿ ಒಂದು ಉದ್ದನೆಯ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಲೂಗರ್‌ನಲ್ಲಿ ಹಾಗಲ್ಲ. ಎರಡು ತುಂಡು ಉಕ್ಕು, ಮಧ್ಯೆ ಒಂದು ಕೀಲು. ನೆಟ್ಟಗೆ ಚಾಚಿದ ಮೊಣಕಾಲಿನಂತೆ ಅದು ಕೂತಿರುತ್ತದೆ. ಕಾಲು ನೆಟ್ಟಗಿರುವಾಗ ಎದುರಿನಿಂದ ಎಷ್ಟು ಒತ್ತಿದರೂ ಮಡಚುವುದಿಲ್ಲ, ಕೀಲನ್ನು ಸ್ವಲ್ಪ ಎತ್ತಿದರೆ ಸಾಕು, ಮಡಚಿಕೊಳ್ಳುತ್ತದೆ. ಗುಂಡು ಹಾರಿದಾಗ ನಳಿಗೆ ಮತ್ತು ಕೀಲು ಎರಡೂ ಕೂಡಿ ಕೆಲವು ಮಿಲಿಮೀಟರ್ ಹಿಂದೆ ಬರುತ್ತವೆ. ಅಷ್ಟರಲ್ಲಿ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ, ಒಳಗಿನ ಒತ್ತಡ ಇಳಿದಿರುತ್ತದೆ. ಆಮೇಲೆ ಕೀಲಿನ ಎರಡು ಬದಿಯ ದುಂಡು ಗುಬುಟುಗಳು ಚೌಕಟ್ಟಿನ ಇಳಿಜಾರಿಗೆ ತಾಗಿ ಕೀಲು ಮೇಲಕ್ಕೆ ಮಡಚುತ್ತದೆ. ಖಾಲಿ ಕೊಳವೆ ಹೊರಗೆ ಹಾರುತ್ತದೆ. ಸ್ಪ್ರಿಂಗ್ ಎಳೆದಾಗ ಕೀಲು ಮತ್ತೆ ನೆಟ್ಟಗಾಗುತ್ತಾ ಮುಂದಿನ ಕಾಡತೂಸನ್ನು ತಳ್ಳಿಕೊಂಡು ಹೋಗುತ್ತದೆ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಇದನ್ನೇ ಅರೆ ಸ್ವಯಂಚಾಲಿತ ಅನ್ನುವುದು.

7.65ರ ಕತ್ತು ಕತ್ತರಿಸಿದಾಗ

ಲೂಗರ್ ಪಿಸ್ತೂಲನ್ನು ಮೊದಲು ಒಪ್ಪಿಕೊಂಡಿದ್ದು ಜರ್ಮನಿ ಅಲ್ಲ, ಸ್ವಿಟ್ಜರ್ಲೆಂಡ್. 1900ರಲ್ಲಿ ಸ್ವಿಸ್ ಸೈನ್ಯ ಅದನ್ನು ಆರಿಸಿಕೊಂಡಿತು. ಆಗ ಅದರ ಗುಂಡು 7.65 ಎಂಎಂ. (ಇದು ಮೇಲೆ ಹೇಳಿದ 7.65 ಬ್ರೌನಿಂಗ್ ಅಲ್ಲ, ಅದಕ್ಕಿಂತ ಉದ್ದದ, ಜೋರಾದ ಕಾಡತೂಸು. ಗೊಂದಲ ಅಂದಿನಿಂದಲೇ ಶುರು ಅನ್ನಿ.)

ಜರ್ಮನ್ ಸೈನ್ಯದವರಿಗೆ ಪಿಸ್ತೂಲು ಹಿಡಿಸಿತು, ಗುಂಡು ಹಿಡಿಸಲಿಲ್ಲ. ತೀರಾ ಸಣ್ಣದು, ಎದುರಾಳಿಯನ್ನು ನಿಲ್ಲಿಸುವುದಿಲ್ಲ ಅನ್ನುವುದು ಅವರ ತಕರಾರು. ದಪ್ಪ ಗುಂಡಿಗಾಗಿ ಪಿಸ್ತೂಲನ್ನೇ ಹೊಸದಾಗಿ ಮಾಡಬೇಕಾದರೆ ಹಣ, ಸಮಯ ಎರಡೂ ಜಾಸ್ತಿ. ಲೂಗರ್ ಮಾಡಿದ ಉಪಾಯ ಬಹಳ ಸರಳ. 7.65ರ ಕೊಳವೆಗೆ ಬಾಟಲಿಯಂತೆ ಕಿರಿದಾದ ಕತ್ತಿತ್ತು. ಆ ಕತ್ತನ್ನು ತೆಗೆದುಹಾಕಿ, ಅಗಲವಾದ ಭಾಗಕ್ಕೇ ನೇರವಾಗಿ 9 ಎಂಎಂ ಗುಂಡು ಕೂರಿಸಿದರು. ಕೊಳವೆಯ ಬುಡ ಮೊದಲಿನಷ್ಟೇ ಅಗಲ. ಹಾಗಾಗಿ ಕೀಲು, ಮ್ಯಾಗಜೀನ್, ಚೌಕಟ್ಟು ಎಲ್ಲ ಹಾಗೇ ಉಳಿದವು. ಬದಲಾಗಬೇಕಾದದ್ದು ನಳಿಗೆ ಮಾತ್ರ. 1902ರ ಹೊತ್ತಿಗೆ 9x19 ಕಾಡತೂಸು ಸಿದ್ಧವಾಯಿತು. ಡಿಡಬ್ಲ್ಯುಎಂ ಕಂಪನಿಯ ಟೆಲಿಗ್ರಾಂ ವಿಳಾಸ ‘ಪ್ಯಾರಬೆಲಮ್’. ಅದೇ ಕಾಡತೂಸಿನ ಹೆಸರೂ ಆಯಿತು.

ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೈನ್ಯ 1908ರಲ್ಲಿ ಈ ಪಿಸ್ತೂಲನ್ನು ಒಪ್ಪಿಕೊಂಡವು. ‘ಪಿಸ್ಟೋಲೆ 08’, ಚಿಕ್ಕದಾಗಿ ಪಿ08 ಅನ್ನುವ ಹೆಸರಿನ 08 ಆ ಇಸವಿಯದ್ದು. ನಳಿಗೆ 100 ಮಿಲಿಮೀಟರ್, ಮ್ಯಾಗಜೀನಿನಲ್ಲಿ 8 ಗುಂಡು.

ಅಮೆರಿಕವೂ ಇದನ್ನು ಪರೀಕ್ಷಿಸಿತ್ತು. ಅಲ್ಲಿನ ಸೈನ್ಯಕ್ಕೆ .45 ಇಂಚಿನ ದೊಡ್ಡ ಗುಂಡೇ ಬೇಕಿತ್ತು. ಲೂಗರ್ .45 ಮಾದರಿಯನ್ನೂ ಮಾಡಿ ಕೊಟ್ಟರು, ಆದರೆ ಮಾತು ಮುಂದುವರಿಯಲಿಲ್ಲ. 1911ರಲ್ಲಿ ಅಮೆರಿಕ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಪಿಸ್ತೂಲು ಆರಿಸಿತು. ಸಣ್ಣ ಗುಂಡು ಬೇಕಾ, ದೊಡ್ಡ ಗುಂಡು ಬೇಕಾ ಅನ್ನುವ ಜಗಳ ಅಲ್ಲಿಂದ ಮುಂದೆ ನೂರು ವರ್ಷ ನಡೆಯಿತು.

ಭಾರತಕ್ಕೆ ಬಂದ ‘ಜರ್ಮನ್ ಪಿಸ್ತೂಲು’ ಬೇರೆ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಿಕೊಳ್ಳಬೇಕು. ನಮ್ಮ ಸ್ವಾತಂತ್ರ್ಯ ಹೋರಾಟದ ಕತೆಗಳಲ್ಲಿ ಬರುವ ಜರ್ಮನ್ ಪಿಸ್ತೂಲು ಲೂಗರ್ ಅಲ್ಲ, ಮೌಸರ್ ಸಿ96. 1914ರ ಆಗಸ್ಟ್ 26ರಂದು ಕಲ್ಕತ್ತದ ರಾಡಾ ಅಂಡ್ ಕೋ ಅನ್ನುವ ಬಂದೂಕು ವ್ಯಾಪಾರಿ ಕಂಪನಿಗೆ ಬಂದಿದ್ದ ಸರಕಿನಲ್ಲಿ 50 ಮೌಸರ್ ಪಿಸ್ತೂಲು ಮತ್ತು 46,000 ಕಾಡತೂಸುಗಳನ್ನು ಬಂಗಾಳದ ಕ್ರಾಂತಿಕಾರಿಗಳು ಹಾರಿಸಿಕೊಂಡು ಹೋದರು. ಕಂಪನಿಯಲ್ಲಿ ಕೆಲಸಕ್ಕಿದ್ದ ತಮ್ಮವರೊಬ್ಬರ ನೆರವಿನಿಂದ, ಎತ್ತಿನ ಗಾಡಿಯಲ್ಲಿ! ಮರುವರ್ಷ ಬಾಲಸೋರ್ ಹತ್ತಿರ ಬಾಘಾ ಜತೀನ್ ಪೊಲೀಸರನ್ನು ಎದುರಿಸಿದ್ದು ಮೌಸರ್ ಹಿಡಿದು. 1925ರ ಕಾಕೋರಿ ರೈಲು ದರೋಡೆಯಲ್ಲೂ ಮೌಸರ್ ಇತ್ತು.

ಮೌಸರ್‌ನ ಮ್ಯಾಗಜೀನ್ ಟ್ರಿಗರ್‌ನ ಮುಂದೆ ಇರುತ್ತದೆ, ಹಿಡಿ ಪೊರಕೆ ಹಿಡಿಯಂತೆ ದುಂಡಗೆ. ಗುಂಡು 7.63 ಎಂಎಂ. ಚಿತ್ರ ನೋಡಿದರೆ ಲೂಗರ್‌ಗೂ ಅದಕ್ಕೂ ಇರುವ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಹೀಗಿದ್ದೂ ಎರಡನ್ನೂ ಅದಲುಬದಲು ಮಾಡಿ ಬರೆಯುವುದು ನಿಂತಿಲ್ಲ.

ರಾಡಾ ಪ್ರಕರಣ ಇಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ಒಂದೇ ಬಗೆಯ ಪಿಸ್ತೂಲು, ಅದಕ್ಕೆ ಬೇಕಾದಷ್ಟು ಗುಂಡು, ಎರಡೂ ಒಟ್ಟಿಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಬ್ರಿಟಿಷ್ ಸರ್ಕಾರ ಕಣ್ಣಾರೆ ನೋಡಿತು. ಬಂಗಾಳದಲ್ಲಿ ಆಮೇಲೆ ನಡೆದ ಎಷ್ಟೋ ದಾಳಿಗಳಲ್ಲಿ ಆ ಮೌಸರ್‌ಗಳೇ ಕಾಣಿಸಿಕೊಂಡವು. ಗುಂಡಿಲ್ಲದ ಪಿಸ್ತೂಲು ಸುಮ್ನೆ ಒಂದು ಕಬ್ಬಿಣದ ತುಂಡು. ಬಂದೂಕು ಕಾನೂನು ಮಾಡುವವರು ಕಾಡತೂಸಿನ ಮೇಲೆ ಇಷ್ಟು ಕಣ್ಣಿಡುವುದು ಅದಕ್ಕೇ.

8 ಎಂಎಂ ಗೆರೆ

ಮೊದಲ ಮಹಾಯುದ್ಧದಲ್ಲಿ ಡಿಡಬ್ಲ್ಯುಎಂ ಕಾರ್ಖಾನೆ ಮತ್ತು ಎರ್ಫುರ್ಟ್‌ನ ಸರ್ಕಾರಿ ಕಾರ್ಖಾನೆ ಸೇರಿ ಹತ್ತು ಲಕ್ಷಕ್ಕೂ ಜಾಸ್ತಿ ಲೂಗರ್ ತಯಾರಿಸಿದವು. ಫಿರಂಗಿ ದಳದವರಿಗೆ 200 ಮಿಲಿಮೀಟರ್ ನಳಿಗೆಯ ಮಾದರಿ, ಅದಕ್ಕೆ ಬಸವನಹುಳುವಿನ ಚಿಪ್ಪಿನ ಆಕಾರದ 32 ಗುಂಡಿನ ಮ್ಯಾಗಜೀನ್. 1918ರಲ್ಲಿ ಬಂದ ಎಂಪಿ18 ಅನ್ನುವ ಸಬ್‌ಮೆಷಿನ್‌ಗನ್ (ಪಿಸ್ತೂಲಿನ ಗುಂಡನ್ನು ಒಂದರ ಹಿಂದೊಂದು ಹಾರಿಸುವ ಸಣ್ಣ ಮೆಷಿನ್‌ಗನ್) ಇದೇ ಮ್ಯಾಗಜೀನನ್ನೂ ಇದೇ 9 ಎಂಎಂ ಗುಂಡನ್ನೂ ಬಳಸಿತು. ಪಿಸ್ತೂಲಿಗಾಗಿ ಹುಟ್ಟಿದ ಕಾಡತೂಸು ಮೊದಲ ಸಲ ಪಿಸ್ತೂಲಿನ ಆಚೆಗೆ ಕಾಲಿಟ್ಟಿತು.

ಜರ್ಮನಿ ಸೋತಿತು. 1919ರ ವರ್ಸೇಲ್ಸ್ ಒಪ್ಪಂದ ಅದರ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು. ಸೈನ್ಯಕ್ಕೆ ಪಿಸ್ತೂಲು ಕೊಡುವ ಹಕ್ಕು ಜೂಲ್ ಪಟ್ಟಣದ ಸಿಮ್ಸನ್ ಕಂಪನಿಗೆ ಹೋಯಿತು. ಯಹೂದಿ ಕುಟುಂಬದ ಈ ಕಂಪನಿಯನ್ನು ನಾತ್ಸಿಗಳು ಮುಂದೆ ಕಿತ್ತುಕೊಂಡರು, ಕುಟುಂಬ ದೇಶ ಬಿಟ್ಟಿತು. ಉಳಿದ ಕಾರ್ಖಾನೆಗಳು ಮಾರುಕಟ್ಟೆಗೆ ಪಿಸ್ತೂಲು ಮಾಡಬೇಕಾದರೆ ಎರಡು ನಿರ್ಬಂಧ ಪಾಲಿಸಬೇಕಿತ್ತು. ನಳಿಗೆ 100 ಮಿಲಿಮೀಟರ್ ಮುಟ್ಟಬಾರದು, ಗುಂಡು 8 ಎಂಎಂ ದಾಟಬಾರದು.

ಹಾಗಾಗಿ 1920ರ ದಶಕದಲ್ಲಿ ಹೊರದೇಶಗಳಿಗೆ ಮಾರಾಟವಾದ ಎಷ್ಟೋ ಲೂಗರ್‌ಗಳು ಮತ್ತೆ 7.65 ಎಂಎಂಗೆ ಮರಳಿದವು. ಪಿಸ್ತೂಲು ಅದೇ, ಕೀಲು ಅದೇ, ನಳಿಗೆ ಮಾತ್ರ ಬೇರೆ. ಅಂದರೆ ಒಂದು ಅಂಕಿಯ ಆ ಕಡೆ ‘ಸೈನ್ಯದ್ದು’, ಈ ಕಡೆ ‘ಸಾಮಾನ್ಯ ಜನರದ್ದು’ ಅಂತ ಗೆರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಹುಟ್ಟಿದ್ದಲ್ಲ. ಆ ಗೆರೆಯನ್ನು ಎಷ್ಟು ಸುಲಭವಾಗಿ ಸುತ್ತಿಕೊಂಡು ಹೋಗಬಹುದು ಅನ್ನುವುದೂ ಆಗಲೇ ಗೊತ್ತಾಗಿತ್ತು.

ಪಿಸ್ತೂಲು ಹಿಂದೆ ಬಿತ್ತು, ಗುಂಡು ಮುಂದೆ ಹೋಯಿತು

ಲೂಗರ್ ಚೆಂದದ ಪಿಸ್ತೂಲು. ಆದರೆ ಸೈನ್ಯಕ್ಕೆ ಚೆಂದ ಬೇಡ. ಅದರ ಬಿಡಿಭಾಗಗಳನ್ನು ಒಂದೊಂದಾಗಿ ಕಡೆದು, ಕೈಯಲ್ಲಿ ಉಜ್ಜಿ ಹೊಂದಿಸಬೇಕಿತ್ತು. ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೆ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೇ ಸಣ್ಣಪುಟ್ಟ ಭಾಗಗಳ ಮೇಲೂ ಆ ಪಿಸ್ತೂಲಿನ ಕ್ರಮಸಂಖ್ಯೆಯ ಕೊನೆಯ ಅಂಕಿಗಳನ್ನು ಒತ್ತುತ್ತಿದ್ದರು, ಬಿಚ್ಚಿ ಒರೆಸುವಾಗ ಅದಲುಬದಲು ಆಗದಿರಲಿ ಅಂತ. ಇವತ್ತು ಹಳೆಯ ಲೂಗರ್ ಸಂಗ್ರಹಿಸುವವರು ಮೊದಲು ನೋಡುವುದೇ ಈ ಪುಟ್ಟ ಅಂಕಿಗಳನ್ನು. ಎಲ್ಲವೂ ತಾಳೆಯಾದರೆ ಒಂದು ಬೆಲೆ, ಒಂದು ತಪ್ಪಿದರೂ ಇನ್ನೊಂದು ಬೆಲೆ.

ಮೇಲೆ ತೆರೆದುಕೊಂಡಿರುವ ಕೀಲಿಗೆ ಮಣ್ಣು, ಕೆಸರು ಆಗಿಬರುವುದಿಲ್ಲ. ಕಾಡತೂಸಿನ ಜೋರು ಸ್ವಲ್ಪ ಕಡಿಮೆಯಾದರೂ ಕೀಲು ಪೂರ್ತಿ ಮಡಚದೆ ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತದೆ. ಹಿಟ್ಲರನ ಕಾಲದಲ್ಲಿ ಸೈನ್ಯ ದಿಢೀರನೆ ಬೆಳೆಯತೊಡಗಿದಾಗ ಈ ತೊಂದರೆಗಳನ್ನು ತಡೆದುಕೊಳ್ಳಲು ಆಗಲಿಲ್ಲ. ಬದಲಿಗೆ ಬಂದದ್ದು ವಾಲ್ಟರ್ ಕಂಪನಿಯ ಪಿ38. ಸ್ಲೈಡ್ ಇರುವ, ಬೇಗ ತಯಾರಾಗುವ ಪಿಸ್ತೂಲು. ಮೌಸರ್ ಕಾರ್ಖಾನೆ 1942ರ ತನಕ ಸೈನ್ಯಕ್ಕಾಗಿ ಲೂಗರ್ ಮಾಡಿ, ಆಮೇಲೆ ಅದೂ ಪಿ38ಕ್ಕೆ ಹೊರಳಿತು.

ಪಿ38ರ ಗುಂಡು? ಅದೇ 9x19. ಈ ಕತೆಯ ತಿರುವು ಇರುವುದು ಇಲ್ಲೇ. ಪಿಸ್ತೂಲು ಬದಲಿಸುವುದು ಸುಲಭ, ಕಾಡತೂಸು ಬದಲಿಸುವುದು ಕಷ್ಟ. ಕಾಡತೂಸು ಬದಲಾದರೆ ಕಾರ್ಖಾನೆಯ ಅಚ್ಚು, ಗೋದಾಮಿನ ದಾಸ್ತಾನು, ಅದೇ ಗುಂಡು ಬಳಸುವ ಬೇರೆ ಬಂದೂಕು ಎಲ್ಲವೂ ಬದಲಾಗಬೇಕು.

ಶತ್ರುಗಳೂ ಇದೇ ಗುಂಡಿಗೆ ಬಂದರು. 1941ರಲ್ಲಿ ಬ್ರಿಟನ್ ಅಗ್ಗದ ಸ್ಟೆನ್ ಗನ್ ಮಾಡಿದಾಗ ಆರಿಸಿದ್ದು 9x19. ಜರ್ಮನರಿಂದ ಕಿತ್ತುಕೊಂಡ ಗುಂಡನ್ನೇ ಜರ್ಮನರ ಮೇಲೆ ಹೊಡೆಯಬಹುದು ಅನ್ನುವುದು ಅದರ ಒಂದು ಲಾಭ. ಬೆಲ್ಜಿಯಂನ ಎಫ್‌ಎನ್ ಕಂಪನಿ 1935ರಲ್ಲಿ ತಂದ ಬ್ರೌನಿಂಗ್ ಹೈ ಪವರ್ ಪಿಸ್ತೂಲು ಕೂಡ 9x19. ಬೆಲ್ಜಿಯಂ ಜರ್ಮನರ ವಶವಾದ ಮೇಲೆ ಈ ಪಿಸ್ತೂಲನ್ನು ಕೆನಡಾದ ಟೊರಾಂಟೊದಲ್ಲಿ ಇಂಗ್ಲಿಸ್ ಕಂಪನಿ ಮಿತ್ರರಾಷ್ಟ್ರಗಳಿಗಾಗಿ ತಯಾರಿಸಿತು. ಯುದ್ಧದ ನಂತರ ನೇಟೊ 9x19ನ್ನು ತನ್ನ ಪಿಸ್ತೂಲು ಗುಂಡಾಗಿ ಒಪ್ಪಿಕೊಂಡಿತು. .45ಕ್ಕೆ ಅಂಟಿಕೊಂಡಿದ್ದ ಅಮೆರಿಕ ಕೂಡ 1985ರಲ್ಲಿ ಬೆರೆಟಾ ಎಂ9 ಜತೆ 9 ಎಂಎಂಗೆ ಬಂತು. ಲೂಗರ್‌ನನ್ನು ವಾಪಸ್ ಕಳಿಸಿದ ಸುಮಾರು ಎಪ್ಪತ್ತೈದು ವರ್ಷಗಳ ಮೇಲೆ!

ಇಶಾಪುರದ ದಾರಿ

ಭಾರತೀಯ ಸೈನ್ಯದ ಸೊಂಟಕ್ಕೆ 9 ಎಂಎಂ ಬಂದದ್ದು ಈ ಬೆಲ್ಜಿಯಂ-ಕೆನಡಾ ದಾರಿಯಲ್ಲಿ. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ತಯಾರಿಸುವ ‘ಪಿಸ್ಟಲ್ ಆಟೋ 9 ಎಂಎಂ 1ಎ’ ಇಂಗ್ಲಿಸ್ ಮಾಡುತ್ತಿದ್ದ ಹೈ ಪವರ್‌ನ ನಕಲು. ಸೈನ್ಯ ಮತ್ತು ಪೊಲೀಸರ ಕೈಯಲ್ಲಿ ದಶಕಗಟ್ಟಲೆ ಇದ್ದ ಸ್ಟೆನ್, ಸ್ಟರ್ಲಿಂಗ್ ಕಾರ್ಬೈನ್‌ಗಳೂ 9x19. ಈಚೆಗೆ ಬಂದ ದೇಶಿ ‘ಅಸ್ಮಿ’ ಮೆಷಿನ್ ಪಿಸ್ತೂಲೂ ಅದೇ.

ಈಗ ನಿಷೇಧಿತ ಬೋರ್ ಪಟ್ಟಿಯನ್ನು ನೋಡಿ. ಪಿಸ್ತೂಲಿನಲ್ಲಿ 9 ಎಂಎಂ. ರಿವಾಲ್ವರ್‌ನಲ್ಲಿ .38 ಮತ್ತು .455. ರೈಫಲ್‌ನಲ್ಲಿ .303. ಜತೆಗೆ ಸ್ವಯಂಚಾಲಿತ ಮತ್ತು ಅರೆ ಸ್ವಯಂಚಾಲಿತ ರೈಫಲ್‌ಗಳು. .455 ಅಂದರೆ ಬ್ರಿಟಿಷ್ ಅಧಿಕಾರಿಗಳ ವೆಬ್ಲಿ ರಿವಾಲ್ವರ್ ಗುಂಡು. .38 ಆಮೇಲಿನ ಸೈನ್ಯ ಮತ್ತು ಪೊಲೀಸ್ ರಿವಾಲ್ವರ್‌ನದು. .303 ನಮ್ಮ ಪೊಲೀಸ್ ಠಾಣೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದ ಎನ್‌ಫೀಲ್ಡ್ ರೈಫಲ್‌ನದು. ಪಟ್ಟಿಯಲ್ಲಿರುವ ಅಂಕಿಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಸರ್ಕಾರದ ಗೋದಾಮಿನಲ್ಲಿ ಇದ್ದ ಗುಂಡುಗಳು. ಯಾವುದು ಜಾಸ್ತಿ ಕೊಲ್ಲುತ್ತದೆ ಅನ್ನುವುದನ್ನು ಅಳೆದು ಮಾಡಿದ ಪಟ್ಟಿ ಇದಲ್ಲ. ಹಾಗೆ ಮಾಡಿದ್ದರೆ ಹತ್ತಿರದಿಂದ ಹೊಡೆದಾಗ ಭಯಂಕರ ಗಾಯ ಮಾಡುವ 12 ಬೋರ್ ಕೋವಿ ಅದರಲ್ಲಿ ಮೊದಲು ಇರಬೇಕಿತ್ತು. ಕೋವಿಗೆ ಲೈಸೆನ್ಸ್ ಸಿಗುತ್ತದೆ.

ಇದು ಬ್ರಿಟಿಷರ ಕಾಲದ ಹಳೆಯ ಜಾಡು. 1907ರ ಹೊತ್ತಿಗೆ ಅವರು ಭಾರತಕ್ಕೆ .450 ಬೋರ್ ಬೇಟೆ ರೈಫಲ್‌ಗಳು ಬರುವುದನ್ನು ನಿಲ್ಲಿಸಿದರು. ಬಂಡುಕೋರರ ಕೈಗೆ ಸೇರಿದ್ದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ಆ ಗುಂಡು ಸಿಗಬಾರದು ಅನ್ನುವುದು ಉದ್ದೇಶ. ಪರಿಣಾಮ ಏನಾಯಿತು? ಇಂಗ್ಲೆಂಡಿನ ಬಂದೂಕು ಕಂಪನಿಗಳು .465, .470, .475 ಅಂತ ಹೊಸ ಬೋರ್‌ಗಳನ್ನು ಮಾಡಿ ಕಳಿಸಿದವು. ಆನೆ, ಹುಲಿಗಳಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಯಾರು ಏನು ಹೇಳುತ್ತಾರೆ?

ಇವತ್ತಿನ ನಿಯಮ ಹೀಗಿದೆ. ನಿಷೇಧಿತವಲ್ಲದ ಬೋರ್‌ಗೆ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಪೊಲೀಸ್ ಕಮಿಷನರ್. ನಿಷೇಧಿತ ಬೋರ್‌ಗೆ ಕೇಂದ್ರ ಗೃಹ ಸಚಿವಾಲಯವೇ ಆಗಬೇಕು, ಅದೂ ಜೀವಕ್ಕೆ ಗಂಭೀರ ಬೆದರಿಕೆ ಇರುವಂಥ ವಿಶೇಷ ಸಂದರ್ಭಗಳಲ್ಲಿ. ಲೈಸೆನ್ಸ್ ಇಲ್ಲದೆ ನಿಷೇಧಿತ ಬೋರ್ ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 7ರಿಂದ 14 ವರ್ಷ ಜೈಲು. ಅಪರಾಧ ಸುದ್ದಿಯಲ್ಲಿ ಪಿಸ್ತೂಲು .32 ಆಗಿತ್ತಾ, 9 ಎಂಎಂ ಆಗಿತ್ತಾ ಅನ್ನುವುದು ಇದರಿಂದಾಗಿ ಮುಖ್ಯವಾಗುತ್ತದೆ. ಆರೋಪಿಯ ಮೇಲೆ ಬೀಳುವ ಕಲಮು ಬದಲಾಗುತ್ತದೆ.

ನಿಷೇಧ ಬೇಡ ಅನ್ನುವವರ ವಾದ ಗಟ್ಟಿಯಾಗಿಯೇ ಇದೆ. ಲೈಸೆನ್ಸ್ ತೆಗೆದುಕೊಂಡವನ ಹಿನ್ನೆಲೆಯನ್ನು ಪೊಲೀಸರು ವಿಚಾರಿಸಿರುತ್ತಾರೆ. ಅವನಿಗೆ .32 ಕೊಡಬಹುದಾದರೆ 9 ಎಂಎಂ ಯಾಕೆ ಕೊಡಬಾರದು? ಅಕ್ರಮ ಪಿಸ್ತೂಲು ಮಾಡುವವರು ನಿಷೇಧದ ಪಟ್ಟಿ ನೋಡಿಕೊಂಡು ಮಾಡುವುದಿಲ್ಲ. ಪ್ರಪಂಚದ ಪಿಸ್ತೂಲು ಕಂಪನಿಗಳೆಲ್ಲ ಮುಖ್ಯವಾಗಿ 9x19ಕ್ಕೆ ತಯಾರಿಸುವಾಗ ಭಾರತದ ಮಾರುಕಟ್ಟೆ ಮಾತ್ರ 1899ರಲ್ಲಿ ಹುಟ್ಟಿದ .32 ಕಾಡತೂಸಿಗೆ ಕಟ್ಟುಬಿದ್ದಿದೆ. ಉತ್ತರ ಪ್ರದೇಶದಲ್ಲಿ ವೆಬ್ಲಿ ಅಂಡ್ ಸ್ಕಾಟ್ ತಯಾರಿಕೆ ಶುರು ಮಾಡಿದಾಗಲೂ ಮೊದಲು ಮಾಡಿದ್ದು .32 ರಿವಾಲ್ವರ್.

ನಿಷೇಧ ಇರಲಿ ಅನ್ನುವವರು ಗೋದಾಮಿನ ಸೋರಿಕೆಯ ಕಡೆ ಬೆರಳು ತೋರಿಸುತ್ತಾರೆ. ಸರ್ಕಾರದ ಗುಂಡು ಕಳ್ಳತನವಾಗಿ ಹೊರಗೆ ಬರುವುದು ಕಟ್ಟುಕತೆ ಅಲ್ಲ. 2010ರಲ್ಲಿ ಉತ್ತರ ಪ್ರದೇಶದ ರಾಮ್‌ಪುರದಲ್ಲಿ ಇಂಥ ದೊಡ್ಡ ಜಾಲ ಸಿಕ್ಕಿಬಿತ್ತು. 2023ರಲ್ಲಿ ಶಿಕ್ಷೆಯಾದ 24 ಜನರಲ್ಲಿ ಹೆಚ್ಚಿನವರು ಸಿಆರ್‌ಪಿಎಫ್ ಮತ್ತು ಪೊಲೀಸ್ ಇಲಾಖೆಯವರೇ. ಜನರ ಕೈಯಲ್ಲಿ ಕಾನೂನುಬದ್ಧ 9 ಎಂಎಂ ಪಿಸ್ತೂಲು ಸಾವಿರಗಟ್ಟಲೆ ಇದ್ದರೆ, ಕದ್ದ ಸರ್ಕಾರಿ ಗುಂಡಿಗೆ ಒಂದು ಸಿದ್ಧ ಮಾರುಕಟ್ಟೆ ಸಿಕ್ಕಂತೆ. ಈಗ ಯಾರ ಮನೆಯಲ್ಲಾದರೂ 9x19 ಕಾಡತೂಸು ಸಿಕ್ಕರೆ ಅದು ಎಲ್ಲಿಂದ ಬಂತು ಅಂತ ಪೊಲೀಸರು ಕೇಳಬಹುದು. ಅಂಗಡಿಯಲ್ಲೂ ಸಿಗುವಂತಾದರೆ ಆ ಪ್ರಶ್ನೆಯ ಮೊನೆ ಮೊಂಡಾಗುತ್ತದೆ.

ಜೋರಿನ ವಾದವೂ ಇದೆ. 9x19 ಗುಂಡು ಸುಮಾರು 8 ಗ್ರಾಂ, .32 ಪಿಸ್ತೂಲಿನದು ಸುಮಾರು 4.6 ಗ್ರಾಂ. ಹೊರಟಾಗ 9x19ರಲ್ಲಿರುವ ಶಕ್ತಿ ಎರಡು ಪಟ್ಟಿಗೂ ಜಾಸ್ತಿ. ಮ್ಯಾಗಜೀನಿನಲ್ಲಿ ಹಿಡಿಯುವ ಗುಂಡೂ ಸಾಮಾನ್ಯವಾಗಿ ಹೆಚ್ಚು. ಇದು ನಿಜ. ಆದರೆ ಈ ವಾದವನ್ನು ಮುಂದಿಡುವವರು ಒಂದು ಮಾತಿಗೆ ಉತ್ತರ ಹೇಳಬೇಕಾಗುತ್ತದೆ: ಶಕ್ತಿಯೇ ಅಳತೆ ಆಗಿದ್ದರೆ ಕಾನೂನಿನಲ್ಲಿ ಬೋರ್ ಬದಲು ಶಕ್ತಿಯ ಮಿತಿಯನ್ನೇ ಬರೆಯಬಹುದಿತ್ತಲ್ವಾ? ಗಾಂಧೀಜಿಯವರಿಗೆ ತಗುಲಿದ್ದು ಇಟಲಿಯ ಬೆರೆಟಾದಿಂದ ಹಾರಿದ, 9x19ಕ್ಕಿಂತ ಎಷ್ಟೋ ಮೆತ್ತಗಿನ ಸಣ್ಣ 9 ಎಂಎಂ ಗುಂಡು. ಹತ್ತಿರದಿಂದ ಹೊಡೆಯುವವನಿಗೆ ಈ ವ್ಯತ್ಯಾಸಗಳು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೂರು ವಾದಗಳಲ್ಲಿ ಸೋರಿಕೆಯದ್ದೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಗೃಹ ಸಚಿವಾಲಯಕ್ಕೆ ಪಟ್ಟಿ ಉಳಿಸಿಕೊಳ್ಳಲು ಅದೊಂದು ಸಾಕು.

ಇಟಲಿ ಕಲಿತ ಪಾಠ

ಸೈನ್ಯದ ಗುಂಡು ಜನರಿಗೆ ಬೇಡ ಅನ್ನುವ ನಿಯಮ ನಮ್ಮಲ್ಲಿ ಮಾತ್ರ ಇಲ್ಲ. ಮೆಕ್ಸಿಕೊದಲ್ಲಿ 9x19 ಸೈನ್ಯಕ್ಕೇ ಮೀಸಲು. ಇಟಲಿಯಲ್ಲೂ ಬಹುಕಾಲ ಹಾಗೇ ಇತ್ತು. ಇಟಲಿಯವರು ಏನು ಮಾಡಿದರು ಅಂದರೆ, ಕೊಳವೆಯನ್ನು ಎರಡು ಮಿಲಿಮೀಟರ್ ಉದ್ದ ಮಾಡಿದ 9x21 ಕಾಡತೂಸನ್ನು ಬಳಸತೊಡಗಿದರು. ಗುಂಡು ಅದೇ ದಪ್ಪ, ಜೋರು ಹೆಚ್ಚುಕಡಿಮೆ ಅಷ್ಟೇ. ಸೈನ್ಯದ ಪಿಸ್ತೂಲಿಗೆ ಮಾತ್ರ ಅದು ಕೂರುವುದಿಲ್ಲ. ಬೆರೆಟಾ, ಗ್ಲಾಕ್ ಕಂಪನಿಗಳು ಇಟಲಿಗೆಂದೇ 9x21 ಪಿಸ್ತೂಲು ಮಾಡಿದವು. ಕೊನೆಗೆ 2022ರಲ್ಲಿ ಇಟಲಿ ಸರ್ಕಾರವೇ ನಿಷೇಧ ತೆಗೆದು ಜನರಿಗೆ 9x19 ಪಿಸ್ತೂಲು ಮಾರಲು ಒಪ್ಪಿತು.

ಇದೇ ಭಾರತದಲ್ಲಿ ನಡೆಯುತ್ತದಾ? ಸದ್ಯಕ್ಕೆ ಸಾಧ್ಯತೆ ಕಡಿಮೆ. ಇಟಲಿಯಲ್ಲಿ ಕಾನೂನುಬದ್ಧ ಪಿಸ್ತೂಲು ಉದ್ಯಮ ದೊಡ್ಡದು, ಅದರ ಒತ್ತಡವೂ ದೊಡ್ಡದು. ಇಲ್ಲಿ 2019ರ ತಿದ್ದುಪಡಿ ಹೋದದ್ದು ಎದುರು ದಿಕ್ಕಿಗೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಪಟ್ಟಿ ಸಡಿಲವಾಗಲು ಇನ್ನೊಂದು ದಾರಿ ಇದೆ. ಸೈನ್ಯ, ಪೊಲೀಸರು 9x19 ಬಿಟ್ಟು ಬೇರೆ ಗುಂಡಿಗೆ ಹೋದರೆ ಕಾಲಕ್ರಮದಲ್ಲಿ ನಿಷೇಧದ ಅಗತ್ಯ ಕಡಿಮೆಯಾಗಬಹುದು. ಅದೂ ಹತ್ತಿರದಲ್ಲಿ ಕಾಣುತ್ತಿಲ್ಲ. .40 ಕಾಡತೂಸಿಗೆ ಹೋಗಿದ್ದ ಅಮೆರಿಕದ ಎಫ್‌ಬಿಐ ಕಳೆದ ದಶಕದಲ್ಲಿ 9x19ಕ್ಕೆ ವಾಪಸ್ ಬಂತು. ಅಮೆರಿಕದ ಸೈನ್ಯ 2017ರಲ್ಲಿ ಪಿಸ್ತೂಲು ಬದಲಿಸಿದಾಗಲೂ ಗುಂಡು ಬದಲಿಸಲಿಲ್ಲ. ಮಕರೋವ್‌ನ ತವರಾದ ರಷ್ಯಾ ಕೂಡ ಹೊಸ ಪಿಸ್ತೂಲುಗಳಿಗೆ 9x19ನ್ನು ಒಪ್ಪಿಕೊಂಡಿದೆ. ಜರ್ಮನ್ ಸೈನ್ಯ ಪಿ08ರಿಂದ ಪಿ38ಕ್ಕೆ, ಅದರ ಮರುರೂಪವಾದ ಪಿ1ಕ್ಕೆ, 1994ರಲ್ಲಿ ಹೆಕ್ಲರ್ ಉಂಡ್ ಕೋಖ್ ಕಂಪನಿಯ ಪಿ8ಕ್ಕೆ ಬಂದಿದೆ. ನಾಲ್ಕು ಪಿಸ್ತೂಲು, ಒಂದೇ ಕಾಡತೂಸು. ಇನ್ನು ನಮ್ಮ .303 ಸೇವೆಯಿಂದ ಹೆಚ್ಚುಕಡಿಮೆ ಹೊರಗೆ ಹೋದ ಮೇಲೂ ನಿಷೇಧಿತ ಬೋರ್ ಆಗಿಯೇ ಇದೆ. ಹಾಗಿರುವಾಗ, ಸೇವೆಯಲ್ಲಿರುವ 9 ಎಂಎಂ ಪಟ್ಟಿಯಿಂದ ಹೊರಬರುವುದು ದೂರದ ಮಾತು.